ಎಪ್ಪಿಂಗ್‌ನಲ್ಲಿ ಸಿಕ್ಕ ಅರಳಿ

ಎಪ್ಪಿಂಗ್, ಸಿಡ್ನಿ
೧೨-೪-೨೦೦೪

ಗದಗಿನ ಕಾಕಾ ಅವರಿಗೆ ದಾಕ್ಷಾಯಣಿಯ ಶರಣು. ಮಗಳು ಶೈಲಾಳ ಮನೆಯಲ್ಲಿ ಆರಾಮಿದ್ದೇನೆ. ಮೊಣಕಾಲು ನೋವು ಇಳಿದಿದೆ, ತಂದ ಗುಳಿಗೆ ಇನ್ನೊಂದು ತಿಂಗಳಿಗೆ ಸಾಕು.

ಪಕ್ಕದ ಮನೆಯ ಎಲೀನರ್ ಅಜ್ಜಿ ತಮ್ಮ ವಂಶಾವಳಿ ಬರೆಯುತ್ತಿದ್ದಾರೆ. ಅವರ ಮುತ್ತಜ್ಜ ಹತ್ತಿ ಬೆಳೆಯುವುದನ್ನು ಕಲಿಸಲು ಅಮೆರಿಕದಿಂದ ನಮ್ಮ ಧಾರವಾಡಕ್ಕೆ ಬಂದಿದ್ದವನಂತೆ. ಅವನ ಇಂಗ್ಲಿಷ್ ದಿನಚರಿಯನ್ನು ಶೈಲಾ ನನಗೆ ಕನ್ನಡದಲ್ಲಿ ಓದಿ ಹೇಳಿದಳು: "ಅರಳಿ ಬಂದದ್ದು ಇವತ್ತು. ಬಹಳ ಬಿಳುಪು, ಬಹಳ ಮೆತ್ತಗೆ. ಮಳೆಗೆ ಹೆದರಿ ನನ್ನ ಕೋಣೆಯಲ್ಲೇ ಇರಿಸಿಕೊಂಡೆ." ಅರಳಿ ಅವನ ಧಾರವಾಡದ ಹೆಂಡತಿ ಎಂದುಕೊಂಡು ಅಜ್ಜಿ ಇಪ್ಪತ್ತು ವರ್ಷದಿಂದ ಅವಳ ಗೋರಿ ಹುಡುಕಿಸುತ್ತಿದ್ದಾರೆ.

"ಅವ್ವಾ, ಯಾರಿರಬೇಕು ಈ ಅರಳಿ?" ಎಂದಳು ಶೈಲಾ.

"ಯಾರೂ ಅಲ್ಲ ಬಿಡವಾ. ಬೀಜ ತಗದ ಹತ್ತಿ," ಎಂದೆ.

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಅಜ್ಜಿ ದಿನಚರಿ ಮುಚ್ಚಿಟ್ಟರು. ಆಮೇಲೆ, ಮೊಮ್ಮಗಳಿಗೆ ಅದೇ ಹೆಸರಿಟ್ಟಿದ್ದೇವಲ್ಲ ಎಂದು ಅವಳನ್ನು ಕರೆದರು. ಏಳು ವರ್ಷದ ಹುಡುಗಿ ಬಂದು ನಿಂತಳು. ತಲೆಗೂದಲು ಥೇಟ್ ನಿಮ್ಮ ಹತ್ತಿ ಜಿನ್ನಿನಲ್ಲಿ ಬೀಳುತ್ತಿದ್ದ ಅರಳಿ, ಕಾಕಾ.

"ಹೆಸರೇನೂ ತಪ್ಪಿಲ್ಲಂತ ಹೇಳವಾ ಅಜ್ಜಿಗೆ," ಎಂದೆ ಶೈಲಾಳಿಗೆ.

ಕಾರ್ಡು ತುಂಬಿತು.
ದಾಕ್ಷಾಯಣಿ