ಕೊನೆಯ ಬಾಗಿಲ ಕಡೆ ನೋಡಿದ್ದು

ಪ್ರೀತಿಯ ಡೆರಿಕ್,

ಮತ್ತೆ ಅದೇ ಕನಸು. ನೀನು "ಅಕ್ಕಾ, ಬಾಗಿಲು ತೆಗಿ" ಎಂದು ಬಡಿಯುತ್ತಿದ್ದೀಯ, ನನಗೆ ಚಿಲಕವೇ ಸಿಗುತ್ತಿಲ್ಲ.

ನಿನ್ನೆ ಪಾರ್ಲಿಮೆಂಟಿನಲ್ಲಿ ಯುದ್ಧಕ್ಕೆ ಸೈನ್ಯ ಕಳಿಸುವ ಬಗ್ಗೆ ಮತದಾನವಿತ್ತು. ಗಂಟೆ ಹೊಡೆದು ಎಂಟು ನಿಮಿಷಕ್ಕೆ ಬಾಗಿಲು ಮುಚ್ಚುತ್ತಾರೆ, ಹೊರಗುಳಿದವರಿಗೆ ಮತವಿಲ್ಲ. ಗಂಟೆ ಹೊಡೆದದ್ದೇ, ನಮ್ಮೂರಿನ ಸದಸ್ಯೆ ಥಾರ್ನ್‌ಬಿ ಮೇಡಂ ನಾನು ತೊಳೆಯುವ ಶೌಚಾಲಯಕ್ಕೆ ಓಡಿಬಂದರು.

"ಮೌರೀನ್, ಬೇಡ ಅಂದ್ರೆ ಪಕ್ಷದಿಂದ ಹೊರಗೆ ಹಾಕ್ತಾರೆ. ಹೂಂ ಅನ್ನೋಕೆ ಮನಸ್ಸು ಬರ್ತಿಲ್ಲ. ನಾನಿಲ್ಲಿಲ್ಲ ಅನ್ನಮ್ಮ," ಎಂದು ಕೊನೆಯ ಬಾಗಿಲ ಚಿಲಕ ಹಾಕಿಕೊಂಡರು.

ಹಿಂದೆಯೇ ಪಕ್ಷದ ಸಚೇತಕ ಬಂದು ಹೊಸ್ತಿಲಲ್ಲಿ ನಿಂತ. "ಏನಮ್ಮಾ, ನಿಮ್ಮೂರ ಮಹಾರಾಣಿ ಎಲ್ಲಿ? ಪೈಪಿನೊಳಗೆ ಇಳಿದುಬಿಟ್ರಾ?"

ಕೆಲಸ ಹೋದೀತೆಂಬ ಭಯ ನನಗೆ. ಬಾಯಿ ಬಿಡಲಿಲ್ಲ, ದೇವರಾಣೆ. ಕಣ್ಣು ಮಾತ್ರ ಆ ಬಾಗಿಲ ಕಡೆ ಹೋಯಿತು.

"ಇನ್ನೂ ಮೂರು ನಿಮಿಷ ಇದೆ ಮೇಡಂ, ಬನ್ನಿ," ಎಂದು ಅತ್ತಲೇ ಕೂಗಿದ.

ಅವರು ಮುಖ ತೊಳೆದುಕೊಂಡು ಹೊರಟರು. ನನ್ನತ್ತ ನೋಡಲಿಲ್ಲ.

ರಜೆ ಮುಗಿದರೂ ನೀನು ಸೈನ್ಯಕ್ಕೆ ಮರಳದೆ ಮಹಡಿಯಲ್ಲಿ ಅಡಗಿದ್ದಾಗ, ಮಿಲಿಟರಿ ಪೊಲೀಸರೆದುರೂ ನಾನು ಬಾಯಿ ಬಿಟ್ಟಿರಲಿಲ್ಲ. ಮೆಟ್ಟಿಲ ಕಡೆ ನೋಡಿದ್ದೆ, ಅಷ್ಟೇ.

ಈಗ ಊರ ಯುದ್ಧ ಸ್ಮಾರಕದ ಕಲ್ಲಿನಲ್ಲಿ ನಿನ್ನ ಹೆಸರೊಂದನ್ನೇ ತಡವರಿಸದೆ ಓದುತ್ತೇನೆ. ಉಳಿದದ್ದನ್ನೆಲ್ಲ ಬೆರಳಿಟ್ಟು ಓದಬೇಕು. ಇವತ್ತಿನ ಪೇಪರಿನಲ್ಲಿ ಹೂಂ ಎಂದವರ ಪಟ್ಟಿ ಬಂದಿದೆ. ಎರಡು ಸಲ ಬೆರಳಿಟ್ಟು ನೋಡಿದೆ, ಮೇಡಂ ಹೆಸರು ಇದ್ದ ಹಾಗಿದೆ. ನನ್ನ ಓದು ನಿನಗೆ ಗೊತ್ತಲ್ಲ. ನೀನೊಮ್ಮೆ ಸರಿಯಾಗಿ ನೋಡಿ ಹೇಳೋ.