ಎಚ್ಚರಿಕೆ ಮುಂದಿನ ಪುಟದಲ್ಲಿದೆ

ಮನೆ, ಅಡುಗೆಕೋಣೆಯ ಮೇಜು
ಮೇ ೧೮, ಭಾನುವಾರ ಮಧ್ಯಾಹ್ನ

ಮಗನೇ,

ನಿನ್ನ ಸೊಂಟನೋವು ಹೇಗಿದೆ? ಇಡೀ ದಿನ ಕುರ್ಚಿಗೆ ಅಂಟಿಕೊಂಡಿರಬೇಡ, ಪಾಠ ಮಾಡುವಾಗಲಾದರೂ ಎದ್ದು ನಿಲ್ಲು. ಸೊಸೆಯ ಕೆಮ್ಮು ಬಿಟ್ಟಿತೇ? ಕಿಟಕಿ ತೆರೆದಿಟ್ಟು ಮಲಗಬೇಡ ಎಂದು ನಾನು ಹೇಳಿದೆ ಅಂತ ಹೇಳು. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಬಂದಷ್ಟು ನಿದ್ದೆ ಮಾಡುತ್ತೇನೆ. ನಿಮ್ಮಪ್ಪನ ಕನ್ನಡಕ ಇನ್ನೂ ಸಕ್ಕರೆ ಡಬ್ಬಿಯ ಮೇಲೇ ಇದೆ. ಸಕ್ಕರೆ ಬೇಕಾದಾಗ ಎತ್ತುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ನಿನ್ನ ತಂಗಿ ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ಅವಳ ಮಗಳು ಗುಬ್ಬಿ ಈಗ ಹೆಸರಿಗಷ್ಟೇ ಗುಬ್ಬಿ, ನನಗಿಂತ ಎತ್ತರವಾಗಿದ್ದಾಳೆ.

ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಮುಂದೆ ಇರುವುದೆಲ್ಲ ಸಿಟ್ಟು. ದಿನಚರಿಯಲ್ಲಿ ಎರಡು ಸಾಲು ಗೀಚಿ ಮಲಗುವ ನನಗೆ ಇಷ್ಟುದ್ದದ ಕಾಗದ ಬರೆದು ರೂಢಿಯಿಲ್ಲ. ಆದರೆ ಫೋನಿನಲ್ಲಿ ನಿನ್ನ ಜೊತೆ ಜಗಳವಾಡುವುದು ನನ್ನ ಕೈಲಿ ಆಗದ ಮಾತು. ನೀನು ಮೇಷ್ಟ್ರು, ನಾನು ಒಂದು ಆಡುವುದರೊಳಗೆ ಹತ್ತು ಆಡುತ್ತೀಯ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ.

ಶುಕ್ರವಾರ ಪ್ರಕಾಶನದವನು ಬಂದಿದ್ದ. ಕಾಗದದಲ್ಲಿ ಸುತ್ತಿದ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟ. ‘ಮೊದಲ ಪ್ರತಿ ನಿಮಗೇ ಸೇರಬೇಕು ಅಮ್ಮಾ, ಯಜಮಾನರ ಕೊನೆಯ ಕೆಲಸ’ ಎಂದ. ರಟ್ಟಿನ ಮೇಲೆ ‘ರಸಾಯನಶಾಸ್ತ್ರ: ವಿದ್ಯಾರ್ಥಿಗಳಿಗೂ ವೃತ್ತಿನಿರತರಿಗೂ ಒಂದೇ ಕೈಪಿಡಿ’ ಎಂದಿತ್ತು. ಓದಿದ ಕೂಡಲೇ ಯಾವ ಪುಸ್ತಕ ಎಂದು ಗೊತ್ತಾಯಿತು. ಒಳಪುಟದಲ್ಲಿ ನಿಮ್ಮಪ್ಪನ ಫೋಟೋ. ಕೆಳಗೆ, ಈ ಪುಸ್ತಕವನ್ನು ಸಾಲುಸಾಲಾಗಿ ಪರಿಶೀಲಿಸಿ ಮನಸಾರೆ ಮೆಚ್ಚಿದವರು ಎಂದು ಅವರ ಹೆಸರು. ನೀನು ಕೊಟ್ಟ ಆ ಫೋಟೋದಲ್ಲಿ ಪಕ್ಕಕ್ಕೆ ನಾನಿದ್ದೆ. ನನ್ನನ್ನು ಕತ್ತರಿಸಿದ್ದೀಯ, ಆದರೂ ನನ್ನ ಭುಜದ ತುದಿ ಉಳಿದುಬಿಟ್ಟಿದೆ. ಅದಕ್ಕೆ ನನಗೆ ಬೇಸರವಿಲ್ಲ. ಮೆಚ್ಚಿದವರು ಎಂದು ಅವರ ಪರವಾಗಿ ನೀನು ಬರೆದು ಕೊಟ್ಟೆಯಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿದೆ.

ನಿಮ್ಮಪ್ಪ ಪುಸ್ತಕ ಪರಿಶೀಲಿಸುತ್ತಿದ್ದ ರೀತಿ ನಿನಗೆ ನೆನಪಿಲ್ಲವೆಂದರೆ ನಾನು ನಂಬುವುದಿಲ್ಲ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಿಂದ ನಿವೃತ್ತರಾಗುವ ಮೊದಲೂ, ಆದ ಮೇಲೂ, ಪಠ್ಯಪುಸ್ತಕ ಮಂಡಳಿಯವರು ಕಟ್ಟುಗಟ್ಟಲೆ ಕಳಿಸುತ್ತಿದ್ದರು. ಕೆಲಸಗಾರರ ಪುಸ್ತಕವಾದರೆ, ಬಿಸಿ ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದು ಬಲಗೈಯೊಂದರಲ್ಲೇ ಪುಟ ತಿರುವಿ ಬೇಕಾದ್ದನ್ನು ಹುಡುಕುತ್ತಿದ್ದರು. ಕಾರ್ಖಾನೆಯಲ್ಲಿ ಯಾರಿಗೂ ಎರಡು ಕೈ ಬಿಡುವಿರುವುದಿಲ್ಲವಂತೆ. ಚಹಾ ಆರುವುದರೊಳಗೆ ಸಿಗದಿದ್ದರೆ ಪುಸ್ತಕ ಫೇಲು. ಮಕ್ಕಳ ಪುಸ್ತಕವಾದರೆ ನಾನು ಬೇಕಿತ್ತು. ನಾನು ಪ್ರಯೋಗದ ಕ್ರಮವನ್ನು ಗಟ್ಟಿಯಾಗಿ ಓದಬೇಕು, ಅವರು ನಾನು ಓದಿದಷ್ಟನ್ನೇ ಮಾಡಬೇಕು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ವರ್ಷ ಕಲಿತದ್ದನ್ನೆಲ್ಲ ಆ ಹೊತ್ತಿಗೆ ಬೇಕೆಂದೇ ಮರೆತುಬಿಡುತ್ತಿದ್ದರು. ‘ನನಗೆ ಗೊತ್ತಿರೋದು ಮುಖ್ಯ ಅಲ್ಲ ಕಣೇ, ಪುಸ್ತಕ ಹೇಳ್ತಾ ಇದೆಯಾ ಅನ್ನೋದು ಮುಖ್ಯ’ ಅನ್ನುತ್ತಿದ್ದರು. ನನಗೆ ಅರ್ಥವಾಗದೇ ಇದ್ದದ್ದೇ ಅವರಿಗೆ ಅನುಕೂಲ. ಅರ್ಥವಾಗುವವರು ಓದುವಾಗ ತಪ್ಪನ್ನು ತಾವೇ ತಿದ್ದಿಕೊಂಡು ಓದಿಬಿಡುತ್ತಾರಂತೆ.

ನೀನು ಚಿಕ್ಕವನಿದ್ದಾಗ ನಿನಗೂ ಆ ಆಟ ಬೇಕು ಎಂದು ಹಟ ಹಿಡಿದು ಚಹಾ ಮಾಡುವ ಕ್ರಮ ಬರೆದೆ. ನೀರು ಕುದಿಸಿ, ಪುಡಿ ಹಾಕಿ, ಸಕ್ಕರೆ ಹಾಕಿ, ಕುಡಿಯಿರಿ. ಮುಗಿಯಿತು. ಅವರು ಪುಡಿಯ ಡಬ್ಬಿಯನ್ನೇ ಬೋರಲು ಹಾಕಿದರು. ನಾನು ಬಾಯಿ ಬಾಯಿ ಬಡಿದುಕೊಂಡರೆ, ‘ಎಷ್ಟು ಅಂತ ನಿನ್ನ ಮಗ ಬರೆದಿಲ್ವಲ್ಲ!’ ಎಂದರು. ಆಮೇಲೆ ಕುದಿಯುವ ಪಾತ್ರೆಯನ್ನೇ ತುಟಿಯ ಹತ್ತಿರ ತಂದರು. ‘ಅಪ್ಪಾ, ಸುಡುತ್ತೆ!’ ಎಂದು ನೀನು ಮೇಜಿನ ಮೇಲೆ ಹತ್ತಿ ಕಿರುಚಿದೆ. ಅವರು ಪಾತ್ರೆ ಇಳಿಸಿ ನಿನ್ನ ಮೂಗು ಹಿಂಡಿ, ‘ಅದನ್ನ ಮೊದಲೇ ಬರೀಬೇಕಿತ್ತು ರಾಯರೇ’ ಎಂದರು. ಆ ಹುಡುಗ ಎಲ್ಲಿಗೆ ಹೋದ ಎಂದು ಶುಕ್ರವಾರದಿಂದ ಯೋಚಿಸುತ್ತಿದ್ದೇನೆ.

ಈ ಪುಸ್ತಕ ಬಂದಾಗ ಅವರಿಗೆ ಆಗಲೇ ಉಸಿರು ಕಟ್ಟುತ್ತಿತ್ತು. ಆದರೂ ಒಂದು ಬೆಳಿಗ್ಗೆ, ಗಾಳಿಯಂಥದ್ದನ್ನು ನೀರಿನಡಿ ಹಿಡಿದಿಡುವ ಆ ಪ್ರಯೋಗಕ್ಕೆ ಎಲ್ಲ ಜೋಡಿಸಿದರು. ಮನೆಯೆಂದು ಔಷಧಿಯೊಂದನ್ನು ಮಾತ್ರ ಹಾಕಲಿಲ್ಲ, ಖಾಲಿ ಗಾಜಿನ ನಳಿಗೆ. ಅದರ ಬಾಯಿಯ ಬಿರಡೆಯಿಂದ ಒಂದು ಬಾಗಿದ ಕೊಳವೆ ಹೊರಟು ನೀರಿನ ಬೋಗುಣಿಯಲ್ಲಿ ಮುಳುಗಿತ್ತು. ಕೆಳಗೆ ಉರಿ. ಕಣ್ಣಿಗೆ ಕಾರ್ಖಾನೆಯ ದಪ್ಪ ಕನ್ನಡಕ ಹಾಕಿಕೊಂಡು ನನ್ನನ್ನು ಬಾಗಿಲಾಚೆ ಕೂರಿಸಿದರು. ನಾನು ಓದಿದೆ, ಅವರು ಮಾಡಿದರು, ನೀರಿನಲ್ಲಿ ಗುಳ್ಳೆ ಬಂದವು. ಪುಟದ ಕೊನೆಯ ಸಾಲು: ‘ಈಗ ಉರಿಯನ್ನು ಆರಿಸಿ.’ ಆರಿಸಿದರು. ‘ಹೂಂ, ಮುಂದೆ?’ ಎಂದರು. ನಾನು ಪುಟ ತಿರುವುವುದರೊಳಗೆ ಬೋಗುಣಿಯ ತಣ್ಣೀರು ಕೊಳವೆಯಲ್ಲಿ ಸರ್ರನೆ ಹತ್ತಿ, ಕಾದ ನಳಿಗೆಯೊಳಗೆ ಬಿತ್ತು, ಗಾಜು ಫಟ್ ಎಂದು ಒಡೆಯಿತು. ಒಂದು ಚೂರು ಬಾಗಿಲಿನ ಮರಕ್ಕೆ ಬಡಿದ ಗುರುತು ಇವತ್ತಿಗೂ ಇದೆ, ಬಂದಾಗ ತೋರಿಸುತ್ತೇನೆ. ಅವರು ಕದಲದೆ ನಿಂತು, ‘ಓದು, ಮುಂದೆ ಏನಿದೆ ಓದು’ ಎಂದರು. ಓದಿದೆ. ‘ಎಚ್ಚರಿಕೆ: ಉರಿ ಆರಿಸುವ ಮೊದಲು ಕೊಳವೆಯನ್ನು ನೀರಿನಿಂದ ಹೊರಗೆ ತೆಗೆದಿರಬೇಕು.’ ಅವರು ಎಂದೂ ಬೈಯದ ಮನುಷ್ಯ. ಅವತ್ತು, ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತಾರೆ, ಲಫಂಗರು’ ಎಂದು ಪುಸ್ತಕವನ್ನು ಕವುಚಿ ಹಾಕಿದರು.

ಆಸ್ಪತ್ರೆಯ ಮಂಚದ ಮೇಲೆ ನಿನಗೆ ಹೇಳಿದರಲ್ಲ, ನಾನು ಕಾಲ ಬಳಿ ಕೂತಿದ್ದೆನಲ್ಲ. ‘ಆ ಪುಸ್ತಕ ಬೇಡ ಅಂತ ನನ್ನ ಪರವಾಗಿ ಬರೆದು ಹಾಕು. ಕೆಲಸ ಬಲ್ಲವನಿಗೆ ಪುಸ್ತಕ ಜ್ಞಾಪಿಸಿದರೆ ಸಾಕು, ಅವನ ಕೈಗೇ ಗೊತ್ತಿರುತ್ತೆ. ಕಲಿಯೋ ಮಗುವಿಗೆ ಪುಸ್ತಕವೇ ಕೈ. ಇಬ್ಬರಿಗೂ ಒಂದೇ ಹೇಗಾಗುತ್ತೆ?’ ನೀನು ಹೂಂ ಎಂದು ತಲೆಯಾಡಿಸಿದೆ. ಅವರು ಅದನ್ನು ನೋಡಿ ಕಣ್ಣು ಮುಚ್ಚಿ ಮಲಗಿದರು. ಆ ತಲೆಯಾಡಿಸಿದ್ದಕ್ಕೆ ಏನು ಬೆಲೆ?

ಶುಕ್ರವಾರ ಫೋನಿನಲ್ಲಿ ನೀನು ಹೇಳಿದ್ದೆಲ್ಲ ಕಿವಿಯಲ್ಲೇ ಇದೆ. ಶಾಲೆ ಶುರುವಾಗುವ ಮೊದಲು ಪುಸ್ತಕ ಬೇಕೆಂದು ಮಂಡಳಿಯವರು ಅವಸರ ಮಾಡಿದರಂತೆ. ‘ಎಚ್ಚರಿಕೆ ಇಲ್ಲ ಅಂತ ಅಲ್ವಲ್ಲಮ್ಮ, ಮುಂದಿನ ಪುಟದಲ್ಲೇ ಇದೆಯಲ್ಲ’ ಎಂದೆ. ಒಡೆಯುವ ಗಾಜು ಪುಟ ತಿರುವುವವರೆಗೆ ಕಾಯುತ್ತದೆಯೇ? ‘ಮೇಷ್ಟ್ರು ಪಕ್ಕದಲ್ಲಿ ಇರ್ತಾರೆ’ ಎಂದೆ. ನಲವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ಎಷ್ಟು ಜನರ ಪಕ್ಕದಲ್ಲಿ ಇರುತ್ತಾನೆ, ನೀನೇ ಹೇಳು, ನೀನೇ ಮೇಷ್ಟ್ರು. ಕೊನೆಗೆ, ‘ಅಮ್ಮಾ, ಅಪ್ಪ ಜೀವಮಾನವೆಲ್ಲ ಬೇರೆಯವರ ಪುಸ್ತಕ ತಿದ್ದಿದರು. ಒಂದರ ಮೇಲೂ ಅವರ ಹೆಸರಿಲ್ಲ. ಒಂದರಲ್ಲಾದರೂ ಉಳೀಲಿ ಅಂತ ಮಾಡಿದೆ’ ಎಂದೆ. ಅದು ನಿಜವಿರಬಹುದು. ಅದನ್ನು ಕೇಳಿ ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅತ್ತು ಮುಗಿದ ಮೇಲೆ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ಅವರ ಹೆಸರು ಎಲ್ಲಿತ್ತು ಗೊತ್ತೇ? ಹೊರಗೆ ಬರದೇ ಹೋದ ಪುಸ್ತಕಗಳಲ್ಲಿತ್ತು. ಸುಡದೇ ಉಳಿದ ಬೆರಳುಗಳಲ್ಲಿತ್ತು. ಆ ಮಕ್ಕಳಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕೆಂದು ಅವರಿಗೂ ಇರಲಿಲ್ಲ. ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲವೆಂದು ಅವರ ಬಾಯಿಗೆ ನಿನ್ನ ಮಾತು ತುರುಕಿದೆಯಲ್ಲ, ಇದನ್ನು ಪ್ರೀತಿ ಎಂದು ಕರೆಯಬೇಡ. ಪ್ರೀತಿಯಾಗಿದ್ದರೆ ನಿನ್ನ ಹೆಸರು ಹಾಕಿ ಮೆಚ್ಚಿಕೊಳ್ಳಬೇಕಿತ್ತು.

‘ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡಮ್ಮ’ ಎಂದೂ ಅಂದೆ. ನಿಜ, ಆ ಗಾಳಿಗಳ ಹೆಸರು ಒಂದೂ ನನಗೆ ತಿಳಿಯದು. ಆದರೆ ಅವತ್ತು ಆ ಸಾಲನ್ನು ಓದಿದ ಬಾಯಿ ನನ್ನದು. ನಾನು ‘ಉರಿ ಆರಿಸಿ’ ಅಂದೆ, ಅವರು ಆರಿಸಿದರು. ಆ ಕನ್ನಡಕ ಇಲ್ಲದಿದ್ದರೆ ಏನಾಗುತ್ತಿತ್ತೋ. ಅದೇ ಸಾಲನ್ನು ಇನ್ನು ಯಾರ್ಯಾರೋ ಮಕ್ಕಳು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ, ಅವರ ಅಜ್ಜನ ವಯಸ್ಸಿನ ನಿಮ್ಮಪ್ಪ ಫೋಟೋದಿಂದ ನೋಡುತ್ತಾ ಇರುತ್ತಾರೆ. ಬರುವ ತಿಂಗಳು ಆ ಪುಸ್ತಕ ಗುಬ್ಬಿಯ ಚೀಲಕ್ಕೂ ಬರುತ್ತದೆ. ಓದಿನಲ್ಲಿ ಚುರುಕು ನಮ್ಮ ಗುಬ್ಬಿ, ಅಜ್ಜ ಮೆಚ್ಚಿದ್ದು ಎಂದರೆ ಎರಡನೇ ಯೋಚನೆಯಿಲ್ಲದೆ ಬರೆದದ್ದನ್ನು ಬರೆದ ಹಾಗೇ ಮಾಡುತ್ತಾಳೆ. ನನಗೆ ಹೆದರಿಕೆ ಇರುವುದೇ ಅದಕ್ಕೆ.

ಸಿಟ್ಟಿಗೆ ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಸೊಸೆಗೆ ನನ್ನ ನೆನಪು ಹೇಳು, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ನಿನ್ನ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಲು ಹೇಳು. ನಿನಗೂ ಒಳ್ಳೆಯದಾಗಲಿ. ಹೆತ್ತ ಹೊಟ್ಟೆ, ಬೇರೆ ಏನು ಹೇಳಲು ಬರುತ್ತದೆ.

ನಿನ್ನ
ಅಮ್ಮ

ಮರೆತಿದ್ದೆ. ನಿಮ್ಮಪ್ಪ ಇದ್ದಿದ್ದರೆ ಈ ಕಾಗದವನ್ನೂ ಫೇಲು ಮಾಡುತ್ತಿದ್ದರು, ಮುಖ್ಯವಾದದ್ದು ಕೊನೆಗೆ ಬಂತಲ್ಲ. ಅವರು ಆ ಪುಸ್ತಕವನ್ನು ಬೇಡ ಎಂದದ್ದು, ನಿನಗೆ ಹೇಳಿದ್ದು, ನೀನು ತಲೆಯಾಡಿಸಿದ್ದು, ಎಲ್ಲವನ್ನೂ ಬರೆದು ಮಂಡಳಿಗೆ ಬೇರೆ ಲಕೋಟೆ ಸಿದ್ಧ ಮಾಡಿದ್ದೇನೆ. ಅಂಚೆಚೀಟಿ ಹಚ್ಚಿ ಸಕ್ಕರೆ ಡಬ್ಬಿಗೆ ಆನಿಸಿ ಇಟ್ಟಿದೆ. ಇವತ್ತೇ ಹಾಕಲು ಹೊರಟು ಚಪ್ಪಲಿಯನ್ನೂ ಮೆಟ್ಟಿದ್ದೆ, ಎಚ್ಚರಿಕೆ ಮೊದಲು ಎನ್ನುವ ಅವರ ಕ್ರಮ ನೆನಪಾಗಿ ಹಿಂದಕ್ಕೆ ಬಂದು ಮೊದಲು ನಿನಗೆ ಬರೆದೆ. ನಾಳೆಯಲ್ಲ, ಅದರ ಮುಂದಿನ ಸೋಮವಾರ ಬೆಳಿಗ್ಗೆ ಅದನ್ನು ಪೆಟ್ಟಿಗೆಗೆ ಹಾಕುತ್ತೇನೆ. ಅಷ್ಟರಲ್ಲಿ ನೀನೇ ಹೋಗಿ ನಿಜ ಹೇಳಿ ಪುಸ್ತಕ ನಿಲ್ಲಿಸಿದರೆ ನನ್ನದನ್ನು ಒಲೆಗೆ ಹಾಕುತ್ತೇನೆ. ಉರಿ ಆರಿಸುವ ಮೊದಲೇ ಹೇಳಿದ್ದೇನೆ. ಕೊಳವೆ ಹೊರಗೆ ತೆಗೆ, ಮಗಾ.