ಭಾವ ತಡೆಹಿಡಿದ ಪೆಟ್ಟಿಗೆಗಳು

ಮಾರ್ಚ್ ೩, ಸಂಜೆ

ಮತ್ತೆ ವಾಪಸ್. ರೋಗಿಗಳಿಗೆ ಔಷಧ ಹನಿಸುವ ಡ್ರಿಪ್ ಪಂಪ್‌ಗಳ ಕಾಗದವೆಲ್ಲ ಪುನಃ ನನ್ನ ಮೇಜಿಗೇ. ಭಾವನ ಈ ಸಲದ ಕೊಂಕು — ಲೇಬಲ್ಲಿನಲ್ಲಿ ತಯಾರಕರ ವಿಳಾಸ ತೀರಾ ಸಣ್ಣಕ್ಷರದಲ್ಲಿದೆಯಂತೆ. ಆ ದೇಶದ ಕಸ್ಟಮ್ಸ್ ಒಪ್ಪುವುದಿಲ್ಲವಂತೆ. ಹೋದ ವಾರ ಸುಂಕದ ಕೋಡ್ ತಪ್ಪಾಗಿತ್ತು. ಅದಕ್ಕೂ ಮುಂಚೆ ಬ್ಯಾಟರಿಗೆ ಬೇರೆ ಘೋಷಣೆ ಬೇಕಿತ್ತು. ಅಳೆದು ನೋಡಬೇಕೆಂದು ಒಂದು ಪೆಟ್ಟಿಗೆಯನ್ನೂ ತರಿಸಿಕೊಂಡಿದ್ದರು. ಎಲ್ಲ ಒಂದೇ ಸಲ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬೇರೆ ರಫ್ತು ಏಜೆಂಟಾಗಿದ್ದರೆ ಬೈದು ಮುಗಿಸುತ್ತಿದ್ದೆ. ಇವರು ಅಕ್ಕನ ಗಂಡ. ನಮ್ಮ ಕಂಪನಿಯ ಸರಕು ಕಳಿಸುವ ಕೆಲಸ ಇವರಿಗೆ ಕೊಡಿಸಿದವಳೂ ನಾನೇ. ಹೊರದೇಶಕ್ಕೆ ಹೋಗುವ ಪ್ರತಿ ಯಂತ್ರವೂ ಹೊಸದು, ಸುರಕ್ಷಿತ ಎಂದು ಸಹಿ ಹಾಕುವವಳೂ ನಾನೇ. ಸರಕು ತಡವಾದರೆ ಎರಡೂ ಕಡೆಯಿಂದ ಏಟು ನನಗೆ.

ಮಾರ್ಚ್ ೫

ಎಂ.ಡಿ. ಕರೆದರು. ಬಾಗಿಲು ಹಾಕಿಸಿದರು.

"ನಿಮ್ಮ ಭಾವನಿಗೆ ಏನಮ್ಮ ಬೇಕಂತೆ? ಕೈ ಬೆಚ್ಚಗೆ ಮಾಡ್ಬೇಕಾ? ಸಂಕೋಚ ಬೇಡ, ಹೇಳು."

ಕಿವಿ ಕೆಂಪಾಯಿತು. "ಅಂಥವರಲ್ಲ ಸರ್" ಎಂದೆ. ಮೆಟ್ಟಿಲು ಇಳಿಯುವಾಗ ಅನ್ನಿಸಿತು — ಅಂಥವರಲ್ಲ ಎಂದು ನನಗೆ ಹೇಗೆ ಗೊತ್ತು? ಹೊಸ ಕಾರು ಬಂದಿದೆ. ಕೇಳಿದರೆ ಸೆಕೆಂಡ್ ಹ್ಯಾಂಡ್ ಅನ್ನುತ್ತಾರೆ. ಅಕ್ಕನೂ ಈಚೆಗೆ ಫೋನ್ ಮಾಡಿಲ್ಲ.

ಮಾರ್ಚ್ ೮, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಭಾವ ತಟ್ಟೆಯಿಂದ ಮುಖ ಎತ್ತಲಿಲ್ಲ. ಕೈ ತೊಳೆಯುವ ಹೊತ್ತಿಗೆ ಹಿಂದೆ ಬಂದು ನಿಂತರು.

"ಆ ಪಂಪ್‌ಗಳನ್ನ ನೀನೇ ನೋಡಿ ಸಹಿ ಮಾಡ್ತೀಯಾ?"

"ಮತ್ತೆ? ಕಣ್ಣು ಮುಚ್ಕೊಂಡು ಮಾಡ್ತೀನಾ ಭಾವ?"

ಟವೆಲ್ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ನಿಜವೆಂದರೆ ನಾನು ನೋಡುವುದು ಪರೀಕ್ಷೆಯ ವರದಿ. ಪಂಪ್ ಅಲ್ಲ. ಎಲ್ಲ ಕಂಪನಿಗಳಲ್ಲೂ ಹಾಗೇ. ಅದನ್ನೆಲ್ಲ ಇವರಿಗೇಕೆ ಬಿಡಿಸಿ ಹೇಳಬೇಕು? ಏನು ಕೆದಕುತ್ತಿದ್ದಾರೆ? ಎದುರಾಳಿ ಕಂಪನಿಯವರು ಇವರನ್ನು ಬುಟ್ಟಿಗೆ ಹಾಕಿಕೊಂಡಿದ್ದಾರಾ...

ಅಕ್ಕ ಬಾಗಿಲವರೆಗೆ ಬಂದಳು. ಏನೋ ಹೇಳಹೊರಟವಳು "ಹುಷಾರಾಗಿರು ಕಣೇ" ಎಂದಷ್ಟೇ ಹೇಳಿದಳು. ಯಾರಿಂದ ಹುಷಾರು?

ಮಾರ್ಚ್ ೧೦, ಮಧ್ಯಾಹ್ನ

ಸ್ಕೇಲ್ ಹಿಡಿದು ಗೋಡೌನಿಗೆ ಹೋದೆ. ಅಕ್ಷರ ಅಳೆದು, ಫೋಟೊ ತೆಗೆದು ಭಾವನ ಬಾಯಿ ಮುಚ್ಚಿಸಬೇಕೆಂದು. ಪಂಪಿನ ಬೆನ್ನಿಗೂ ಲೇಬಲ್ ಇರುತ್ತದಲ್ಲ — ಒಂದು ಪೆಟ್ಟಿಗೆ ಬಿಚ್ಚಿದೆ.

ಲೇಬಲ್ ಫಳಫಳ. ಆದರೆ ಸ್ಟಾರ್ಟ್ ಬಟನ್ ಸವೆದು ಬೆಳ್ಳಗಾಗಿದೆ. ಅಂಚಿನಲ್ಲಿ ಪ್ಲಾಸ್ಟರಿನ ಹಳೆ ಅಂಟು, ಉಗುರಿಗೆ ಸಿಕ್ಕಿತು. ಸ್ಪಿರಿಟ್ ವಾಸನೆ. ಪ್ಲಗ್ ಹಾಕಿದೆ. ಬೀಪ್ ಎಂದಿತು. ಪರದೆಯ ಮೇಲೆ ಪ್ರಶ್ನೆ — ಹಿಂದಿನ ರೋಗಿಗೇ ಮುಂದುವರಿಸಬೇಕೆ?

ಹೊಚ್ಚ ಹೊಸ ಪಂಪಿಗೆ ಎಲ್ಲಿಯ ಹಿಂದಿನ ರೋಗಿ?

ಇನ್ನೊಂದು ಬಿಚ್ಚಿದೆ. ಅದೂ ಅದನ್ನೇ ಕೇಳಿತು.

ಹೋದ ವರ್ಷ ಒಂದು ಆಸ್ಪತ್ರೆ ಇದೇ ಮಾದರಿಯ ಪಂಪ್‌ಗಳನ್ನೆಲ್ಲ ಹಿಂದಿರುಗಿಸಿತ್ತು. ಹನಿಹನಿಯಾಗಿ ಬಿಡಬೇಕಾದ ಔಷಧವನ್ನು ಒಮ್ಮೊಮ್ಮೆ ಒಟ್ಟಿಗೇ ತಳ್ಳುತ್ತಿದ್ದವು. ಪುಡಿ ಮಾಡಿಸಿದ್ದೇವೆ ಎಂದಿದ್ದರು ಎಂ.ಡಿ.

ಎರಡೂ ಪರದೆಗಳ ಫೋಟೊ ತೆಗೆದುಕೊಂಡೆ.

ಮಾರ್ಚ್ ೧೦, ಸಂಜೆ

ನೆಟ್ಟಗೆ ಭಾವನ ಆಫೀಸಿಗೆ ಹೋದೆ. ಕೂರು ಎನ್ನಲಿಲ್ಲ. ನಾನೂ ಕೂರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತು."

"ತರಿಸಿಕೊಂಡ ಪೆಟ್ಟಿಗೆ ಬಿಚ್ಚಿದಾಗ್ಲೇ ಗೊತ್ತಾಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

ಪೆನ್ನಿನ ಮುಚ್ಚಳ ತೆಗೆದರು. ಹಾಕಿದರು. "ಸಹಿ ನಿಂದಲ್ವಾ."

"ಅಂದ್ರೆ ನಾನೂ ಶಾಮೀಲು ಅಂತ?"

"ಮನೇಲಿ ಕೇಳಿದೆನಲ್ಲ. ನೋಡೇ ಮಾಡ್ತೀನಿ ಅಂದೆ." ದನಿ ಏರಲೇ ಇಲ್ಲ. "ಕಸ್ಟಮ್ಸಿಗೆ ಹೇಳಿದ್ರೆ ಮೊದ್ಲು ಹಿಡಿಯೋದು ನಿನ್ನ. ನಿಮ್ಮಕ್ಕನಿಗೆ ಹೇಗೆ ಮುಖ ತೋರಿಸ್ಲಿ? ಸುಮ್ನೆ ಕಳಿಸಿದ್ರೆ ಅಲ್ಲಿ ಯಾರದೋ ಪ್ರಾಣ ಹೋಗುತ್ತೆ. ಇನ್ನೇನ್ ಮಾಡ್ಲಿ, ಕೊಂಕು ತೆಗೀತಾ ಕೂತೆ."

ನಾನೂ ನಿಮ್ಮನ್ನು ಲಂಚಕೋರ ಅಂದುಕೊಂಡಿದ್ದೆ — ನಾಲಿಗೆ ತುದಿಗೆ ಬಂತು. ನುಂಗಿದೆ.

ಮಾರ್ಚ್ ೧೬

ಬರೆಯಲು ಇಷ್ಟು ದಿನ ಆಗಲಿಲ್ಲ. ಸಹಿ ಹಿಂತೆಗೆದುಕೊಂಡೆ. ಕಸ್ಟಮ್ಸಿಗೂ ವೈದ್ಯಕೀಯ ಉಪಕರಣಗಳ ಇಲಾಖೆಗೂ ನಾನೇ ಬರೆದೆ. "ಮಗಳ ಥರ ನೋಡ್ಕೊಂಡೆನಲ್ಲಮ್ಮ" ಎಂದರು ಎಂ.ಡಿ. ಆಮೇಲೆ ಸೆಕ್ಯುರಿಟಿಯವನು ನನ್ನ ಬ್ಯಾಗ್ ಜಾಲಾಡಿ ಹೊರಗೆ ಬಿಟ್ಟ.

ಇವತ್ತು ತಪಾಸಣೆ. ಅಧಿಕಾರಿ ಪಂಪ್‌ಗಳನ್ನು ಸಾಲಾಗಿ ಇಡಿಸಿ ಆನ್ ಮಾಡಿಸಿದರು. ಒಂದಾದ ಮೇಲೊಂದು ಬೀಪ್. ಎಲ್ಲ ಪರದೆಗಳಲ್ಲೂ ಅದೇ ಪ್ರಶ್ನೆ. ಸರಕು ಜಪ್ತಿ. ಗೋಡೌನಿಗೆ ಸೀಲ್.

ಎಂ.ಡಿ. ಬೆವರಲೂ ಇಲ್ಲ. "ಸರ್, ಭಾವ ನಾದಿನಿ ಇಬ್ಬರೂ ಸೇರಿ ಆಡಿರೋ ಆಟ ಇದು. ಪಾಲಿನಲ್ಲಿ ಜಗಳ ಬಂದು ಈಗ ದೂರು ಕೊಟ್ಟಿದ್ದಾರೆ."

ಅಧಿಕಾರಿ ಭಾವನ ಕಡೆ ತಿರುಗಿದರು. "ಸಹಿ ಮಾಡುವಾಗ ಇವರಿಗೆ ಗೊತ್ತಿತ್ತಾ?"

ಭಾವ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರು!

"ಇಲ್ಲ ಸರ್."

ಹೇಳಿಕೆ ಬರೆದುಕೊಂಡು ನನ್ನನ್ನು ಬಿಟ್ಟರು. ಎಂ.ಡಿ.ಯನ್ನು ಬಿಡಲಿಲ್ಲ. ಬಚಾವಾದೆ. ಆದರೂ ಆ ನೋಟ... 'ಇಲ್ಲ' ಎನ್ನಲು ಅಷ್ಟು ಹೊತ್ತೇಕೆ ಬೇಕಿತ್ತು?

ಮಾರ್ಚ್ ೧೭, ಬೆಳಿಗ್ಗೆ

ಅಕ್ಕನ ಫೋನ್. ತಿಂಡಿ ಆಯ್ತಾ, ನಿದ್ದೆ ಬಂತಾ, ಮುಂದೆ ಕೆಲಸಕ್ಕೇನು ಮಾಡ್ತೀಯ. ಆಮೇಲೆ ದನಿ ತಗ್ಗಿಸಿದಳು.

"ನಿಜ ಹೇಳು ಕಣೇ. ನಮ್ಮಿಬ್ಬರಲ್ಲೇ ಇರ್ಲಿ. ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವಳ ಮಾತು ಬಾವಿಯೊಳಗಿಂದ ಬಂದ ಹಾಗಿತ್ತು. ಸ್ಪೀಕರ್ ಹಾಕಿದ್ದಾಳೆ. ಹತ್ತಿರದಲ್ಲೇ ಯಾರೋ ಕೆಮ್ಮು ತಡೆದುಕೊಂಡರು.

"ಭಾವ ಅಲ್ಲೇ ಇದ್ದಾರಾ?" ಎಂದೆ.

"ಇಲ್ಲಪ್ಪ, ಆಗ್ಲೇ ಹೊರಗೆ ಹೋದ್ರು."

ಸರಿ ಎಂದೆ. ಹಾಗಿದ್ದರೆ ಕೇಳು ಅಕ್ಕ, ಎಂದು ಭಾವನಿಗೂ ಕೇಳುವಷ್ಟು ಜೋರಾಗಿ ಹೇಳಿದೆ: "ನಾನು ನೋಡಿದ್ದು ಬರೀ ವರದಿ, ಪಂಪ್ ನೋಡೇ ಇರ್ಲಿಲ್ಲ."